ಮೂರು ಮಿಲಿಮೀಟರ್

ತಾಯಿಜ್ ಪಟ್ಟಣದ ಏರುಬೀದಿಯಲ್ಲಿ
ಗಾಜು ಕೊಯ್ಯುವವನು ನಾನು, ಮುಸೈದ್.
ಊರಿನ ಮನಸ್ಸು ನನಗೆ ಅಳತೆಪಟ್ಟಿಯಲ್ಲಿ ತಿಳಿಯುತ್ತದೆ.
ಇಡೀ ಮನೆಗೆ ಗಾಜು ಕೇಳಿದರೆ ಮದುವೆ,
ಎರಡು ಕಿಟಕಿಗೆ ಕೇಳಿದರೆ ಕದನವಿರಾಮ,
ಪ್ಲಾಸ್ಟಿಕ್ ಹಾಳೆಯೇ ಸಾಕು ಅಂದರೆ
ರೇಡಿಯೋ ಏನಂತು ಎಂದು ನಾನು ಕೇಳುವುದಿಲ್ಲ,
ಸುಮ್ಮನೆ ಮೊಳೆ ಎಣಿಸಿ ಕೊಡುತ್ತೇನೆ.

ನಿನ್ನೆ ರಾತ್ರಿ ಊಟದ ಹೊತ್ತಿಗೆ
ಎಷ್ಟೋ ಕಡಲಾಚೆ ಒಬ್ಬ ಬಲಗೈ ಎತ್ತಿದ.
ಅಲ್ಲಿ ನಡುಹಗಲು.
ಹಮೂದನ ಅಂಗಡಿಯ ಟಿವಿಗೆ, ಜನರೇಟರಿಗೆ,
ಎಲ್ಲರೂ ಚಿಲ್ಲರೆ ಸೇರಿಸಿ ಡೀಸೆಲ್ ತಂದಿದ್ದೆವು.
ಚಳಿಗೆ ಅವನ ಬಾಯಿಂದ ಹಬೆ ಬರುತ್ತಿತ್ತು.
‘ಉಸಿರಾಡುತ್ತಾನಲ್ಲ, ಅಷ್ಟು ಸಾಕು’ ಅಂದ ಹಮೂದ್.
ಕೆಲವರು ನಕ್ಕರು.

ಇಂಗ್ಲಿಷ್ ಮೇಷ್ಟರು ಶೌಕಿ ಬೆರಳು ಮಡಚಿ ಎಣಿಸಿದರು:
ಶಾಂತಿ ಮೂರು ಸಲ, ಶಕ್ತಿ ಒಂಬತ್ತು ಸಲ.
ನಮ್ಮ ದೇಶದ ಹೆಸರು?
ಒಂದು ಸಲವೂ ಇಲ್ಲ.
‘ಒಳ್ಳೇದೇ ಆಯ್ತು’ ಅಂದರು ಮೂಲೆಯಿಂದ ಗಾಲಿಬಜ್ಜ,
‘ದೊಡ್ಡವರು ಹೆಸರು ಹಿಡಿದು ಕರೆದಾಗಲೆಲ್ಲ
ಯಾರದೋ ಮಾಳಿಗೆ ಹೋಗಿದೆ.’

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದಳು ಸೂಲಗಿತ್ತಿ ನಬೀಹಾ.
ಅವಳ ಕಿಟಕಿಗೆ ಆರು ವರ್ಷದಿಂದ ಹಿಟ್ಟಿನ ಚೀಲ.
ಆ ದೇಶದ ಜನರ ಉಡುಗೊರೆ ಎಂದು ಅಚ್ಚಾದ ಚೀಲ.
ಹತ್ತು ಗಂಟೆಯ ಬಿಸಿಲಿಗೆ ಅಕ್ಷರಗಳು
ತಲೆಕೆಳಗಾಗಿ ನೆಲಕ್ಕೆ ಬೀಳುತ್ತವೆ,
ಅವುಗಳ ಮೇಲೇ ಅಂಬೆಗಾಲಿಟ್ಟಿತು ಅವಳ ಮೊಮ್ಮಗು.
ಹೊರಗು ಎಂದರೆ ಹಾಲಿನ ಬಣ್ಣ ಅಂತ
ಆ ಮಗು ಇನ್ನೂ ತಿಳಿದಿದೆ.

‘ಎಷ್ಟು ಕಿಟಕಿ?’
‘ಒಂದು.’
‘ಬೆಟ್ಟದ ಕಡೆಯದೋ?’
‘ಹುಚ್ಚೇ ನಿನಗೆ! ಗಲ್ಲಿಯ ಕಡೆಯದು.’
‘ನಾಲ್ಕು ಮಿಲಿಮೀಟರ್ ಕೊಡಲೇ? ಬಾಳಿಕೆ ಬರುತ್ತದೆ.’
ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು,
ತುಂಬುಬಸುರಿಯ ಹೊಟ್ಟೆ ಮುಟ್ಟುವವಳ ಹಾಗೆ.
‘ಮೂರು ಸಾಕು.
ನಾಲ್ಕರಷ್ಟು ನಂಬಿಕೆ ಇಲ್ಲ.’

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವಳಲ್ಲ ಅವಳು.
ಎಷ್ಟು ಕುಲಾವಿಗಳು ತಲೆಯಿಲ್ಲದೆ ಉಳಿದವು,
ಲೆಕ್ಕ ಅವಳ ಹತ್ತಿರವೇ ಇದೆ.
ಆದರೂ ಬಂದಳು ನೋಡಿ,
ಬಿಸಿಲು ಏರುವ ಮೊದಲೇ ಬಂದಳು.

ಹೊಸಬನೇ,
ನಮ್ಮನ್ನು ಪ್ರೀತಿಸು ಎಂದು ಕೇಳುತ್ತಿಲ್ಲ.
ಭೂಪಟದಲ್ಲಿ ನಮ್ಮನ್ನು ಹುಡುಕಲೂ ಬೇಡ,
ಹುಡುಕಿದರೆ ಸಿಕ್ಕಿಬಿಡುತ್ತೇವೆ.
ಯಾರೋ ಮಾರಾಟದ ಕಾಗದ ತಂದು
ನಿನ್ನ ಮೇಜಿನ ಮೇಲೆ ಹರವಿ
‘ಇಲ್ಲೊಂದು ಸಹಿ’ ಎಂದಾಗ
ಕನ್ನಡಕ ಎಲ್ಲಿಟ್ಟೆ ಎಂದು ಒಂದಿಷ್ಟು ತಡಕಾಡು.
ಪೆನ್ನಿನ ಶಾಯಿ ಬತ್ತಿರಲಿ.
ಕಾಫಿ ತರಿಸು, ಆರಲು ಬಿಡು, ಮತ್ತೆ ತರಿಸು.
ಪುಟ್ಟಿ ಒಣಗಲು ಏಳು ದಿನ ಬೇಕು.
ನನಗೆ ಗೊತ್ತಿರುವ ರಾಜನೀತಿ ಇಷ್ಟೇ.

ಗಾಜು ಕೂರಿಸಿ ಬಂದೆ.
ಮಗು ಹಣೆ ಒತ್ತಿ ನಿಂತಿತ್ತು,
ಎದುರು ಗೋಡೆಯ ಮೇಲೊಂದು ಬೆಕ್ಕು.
ಸಿಡಿಯದಿರಲೆಂದು ಅಂಟಿಸುವ ಟೇಪಿನ ಸುರುಳಿಯನ್ನು
ನಬೀಹಾ ಕೈಯಲ್ಲಿ ಹಿಡಿದು
ಬಹಳ ಹೊತ್ತು ನಿಂತಿದ್ದಳು.
ಅಂಟಿಸಿದಳೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.

ನಮ್ಮ ಮನೆಗೋ ಇನ್ನೂ ಹಲಗೆಗಳೇ.
‘ಗಾಜಿನವನ ಹೆಂಡತಿ ಕತ್ತಲಲ್ಲಿ ಅಕ್ಕಿ ಆರಿಸಬೇಕೇನು?’
ಎನ್ನುತ್ತಾಳೆ ತಖಿಯಾ.
‘ಇರಲಿ, ಅವನೊಂದು ವರ್ಷ ಮುಗಿಸಲಿ’ ಅಂದೆ.
ಮರುಮಾತಾಡಲಿಲ್ಲ ಅವಳು.
ನನ್ನ ಜೇಬಿನಿಂದ ಪಟ್ಟಿ ಎಳೆದು
ಕಿಟಕಿಯ ಉದ್ದ ಹಿಡಿದಳು, ಅಗಲ ಹಿಡಿದಳು,
ಇದ್ದಿಲಿನಿಂದ ಗೋಡೆಯ ಮೇಲೆ ಬರೆದಿಟ್ಟಳು,
ಸುಲಭಕ್ಕೆ ಅಳಿಸಬಹುದಾದಷ್ಟು ತೆಳ್ಳಗೆ.